ಮಂಜು ಕವಿದ ಸ್ಫಟಿಕದ ಗುಂಡು

ಸೀಸದ ಒಂದು ಗಟ್ಟಿಯನ್ನು ಎತ್ತಿ ನೋಡಿದವರಿಗೆ ಅದರ ಭಾರ ಗೊತ್ತು. ನೀರಿಗಿಂತ ಹನ್ನೊಂದು ಪಟ್ಟಿಗೂ ಹೆಚ್ಚು ತೂಕದ ಲೋಹ ಅದು. ಎಕ್ಸ್‌ರೇ ಕೋಣೆಯ ಬಾಗಿಲಿಗೂ ಸೀಸ, ಎಕ್ಸ್‌ರೇ ತೆಗೆಯುವವರು ತೊಡುವ ಏಪ್ರನ್ನಿಗೂ ಸೀಸ. ಆದರೆ ಇಷ್ಟು ಗಟ್ಟಿಯಾದ ಈ ಲೋಹದ ಗೋಡೆಯ ಮೇಲೆ ವೇಗದ ನ್ಯೂಟ್ರಾನುಗಳನ್ನು ಬಿಟ್ಟರೆ ಏನಾಗುತ್ತದೆ? 140 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನುಗಳಾದರೆ, ನಾಲ್ಕು ಸೆಂಟಿಮೀಟರ್ ದಪ್ಪದ ಸೀಸವನ್ನು ಸುಮಾರು ಅರ್ಧದಷ್ಟು ಕಣಗಳು ಯಾವುದನ್ನೂ ತಾಗದೆ, ಗೋಡೆಯೇ ಇಲ್ಲವೇನೋ ಎಂಬಂತೆ ದಾಟಿ ಹೋಗುತ್ತವೆ!

ಇದರಲ್ಲಿ ಮಾಯಾಮಂತ್ರವೇನೂ ಇಲ್ಲ. ಪರಮಾಣು ಎನ್ನುವುದು ಬಹುಪಾಲು ಖಾಲಿ ಜಾಗ. ಸೀಸದ ಒಂದು ಪರಮಾಣುವನ್ನು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಷ್ಟು ಹಿಗ್ಗಿಸಿದರೆ, ಅದರ ನಡುವಿನ ನ್ಯೂಕ್ಲಿಯಸ್, ಅಂದರೆ ಪರಮಾಣು ಬೀಜ, ಪಿಚ್ಚಿನ ಮೇಲೆ ಬಿದ್ದ ಒಂದು ಬಟಾಣಿ ಕಾಳಿನಷ್ಟಿರುತ್ತದೆ. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ. ಸುತ್ತಲಿನ ಎಲೆಕ್ಟ್ರಾನುಗಳ ಗೊಡವೆಯೂ ಅದಕ್ಕಿಲ್ಲ. ಅದು ತಡೆಯಬೇಕಾದದ್ದು ಆ ಬಟಾಣಿಗೆ ಮಾತ್ರ.

ಹಾಗಾದರೆ ದಾಟದೆ ಉಳಿದ ಅರ್ಧದಷ್ಟು ಕಣಗಳು ಎಲ್ಲಿ ಹೋದವು? ಸೀಸದಲ್ಲೇ ಇಂಗಿಹೋದದ್ದು ತೀರಾ ಕಡಿಮೆ. ಹೆಚ್ಚಿನವು ಬೀಜಕ್ಕೆ ತಾಗಿ ದಿಕ್ಕು ಬದಲಿಸಿದವು, ಚದುರಿದವು. ಎಷ್ಟು ಚದುರಿದವು, ಯಾವ ಶಕ್ತಿಯಲ್ಲಿ ಎಷ್ಟು, ಯಾವ ಲೋಹದಲ್ಲಿ ಎಷ್ಟು? ಇದಿಷ್ಟೇ ಪ್ರಶ್ನೆ. ಕೇಳಿದರೆ ಉಗ್ರಾಣದ ಲೆಕ್ಕದಷ್ಟೇ ನೀರಸ. ಆದರೆ ಈ ಲೆಕ್ಕಕ್ಕಾಗಿ ಒಂದು ಮಹಾಯುದ್ಧದ ನಡುವೆ ಬೆಟ್ಟದ ಮೇಲೆ ಗುಟ್ಟಿನ ಊರೊಂದರಲ್ಲಿ ಹಗಲಿರುಳು ದುಡಿದರು. ಇದೇ ಲೆಕ್ಕ ಮುಂದೆ ಭೌತವಿಜ್ಞಾನದ ಹಿರಿಯನೊಬ್ಬನ ಚಿತ್ರವನ್ನು ತಿದ್ದಿತು. ಇದನ್ನು ಇಪ್ಪತ್ತನಾಲ್ಕು ವರ್ಷ ಬರೆದಿಟ್ಟ ಪ್ರಯೋಗಾಲಯ, ಯಾರೋ ಬೇರೆಯವರಿಗೆಂದು ತಂದ ಬಾಂಬಿಗೆ ಒಂದು ಬೆಳಗಿನ ಜಾವ ಸಿಕ್ಕಿ ಹಾಳಾಯಿತು.

ಬಟ್ಟಲಿನಲ್ಲಿ ಗೋಲಿ

ನ್ಯೂಟ್ರಾನನ್ನು 1932ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೇಮ್ಸ್ ಚಾಡ್‌ವಿಕ್ ಪತ್ತೆ ಮಾಡಿದರು. ಎರಡೇ ವರ್ಷದಲ್ಲಿ ರೋಮ್ ನಗರದ ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಸಿಕ್ಕ ಸಿಕ್ಕ ಮೂಲವಸ್ತುಗಳಿಗೆಲ್ಲ ನ್ಯೂಟ್ರಾನುಗಳನ್ನು ತಾಗಿಸಿ ನೋಡತೊಡಗಿದರು. 1934ರ ಅಕ್ಟೋಬರಿನಲ್ಲಿ ಅವರಿಗೆ ಒಂದು ಅಚ್ಚರಿ ಕಾದಿತ್ತು. ನಡುವೆ ಪ್ಯಾರಾಫಿನ್ ಮೇಣದ ತುಂಡನ್ನು ಇಟ್ಟು ನ್ಯೂಟ್ರಾನುಗಳ ವೇಗ ಇಳಿಸಿದರೆ ಪರಿಣಾಮ ಕಡಿಮೆಯಾಗುವ ಬದಲು ಹೆಚ್ಚುತ್ತಿತ್ತು. ಅದೂ ಎಲ್ಲ ವೇಗದಲ್ಲೂ ಅಲ್ಲ. ಕೆಲವು ನಿರ್ದಿಷ್ಟ ಶಕ್ತಿಗಳಲ್ಲಿ ಬೀಜಗಳು ನ್ಯೂಟ್ರಾನುಗಳನ್ನು ಗಬಕ್ಕನೆ ನುಂಗುತ್ತವೆ, ಅದರ ಆಚೆ ಈಚೆ ಸುಮ್ಮನಿರುತ್ತವೆ ಎಂಬುದು ಮುಂದಿನ ಒಂದೆರಡು ವರ್ಷಗಳಲ್ಲಿ ಬೆಳಕಿಗೆ ಬಂತು. ರೇಡಿಯೋದ ತಿರುಗಣೆ ಸರಿಯಾದ ಜಾಗಕ್ಕೆ ಬಂದಾಗ ಮಾತ್ರ ಬಾನುಲಿ ಕೇಂದ್ರ ಸಿಗುವ ಹಾಗೆ.

ಇದಕ್ಕೆ ವಿವರಣೆ ಕೊಟ್ಟವರು ಡೆನ್ಮಾರ್ಕಿನ ನೀಲ್ಸ್ ಬೋರ್. 1936ರಲ್ಲಿ ಅವರು ಮುಂದಿಟ್ಟ ಚಿತ್ರ ಎಂಥವರಿಗೂ ಅರ್ಥವಾಗುವಂಥದು. ಆಳವಿಲ್ಲದ ಒಂದು ಬಟ್ಟಲು, ಅದರಲ್ಲಿ ಒಂದಷ್ಟು ಗೋಲಿಗಳು. ಹೊರಗಿನಿಂದ ಒಂದು ಗೋಲಿಯನ್ನು ಒಳಕ್ಕೆ ಉರುಳಿಸಿ. ಬಟ್ಟಲು ಖಾಲಿ ಇದ್ದಿದ್ದರೆ ಅದು ಈ ಅಂಚಿನಿಂದ ಇಳಿದು ಆ ಅಂಚಿನಿಂದ ಆಚೆ ಹೋಗುತ್ತಿತ್ತು. ಆದರೆ ಒಳಗೆ ಗೋಲಿಗಳಿವೆಯಲ್ಲ? ಒಂದಕ್ಕೆ ಢಿಕ್ಕಿ, ಅದು ಇನ್ನೊಂದಕ್ಕೆ ಢಿಕ್ಕಿ. ಹೊಸದಾಗಿ ಬಂದ ಗೋಲಿಯ ರಭಸ ಎಲ್ಲದಕ್ಕೂ ಹಂಚಿಹೋಗಿ, ಯಾವುದಕ್ಕೂ ಹೊರಗೆ ಜಿಗಿಯುವ ತ್ರಾಣ ಉಳಿಯುವುದಿಲ್ಲ. ಬಹಳ ಹೊತ್ತಿನ ಮೇಲೆ ಅದೃಷ್ಟವಶಾತ್ ಯಾವುದೋ ಒಂದು ಗೋಲಿಗೆ ಸಾಕಷ್ಟು ರಭಸ ಕೂಡಿ ಬಂದರೆ ಅದು ಹೊರಬೀಳಬಹುದು. ಹೊರಬಿದ್ದ ಗೋಲಿಗೆ ತಾನು ಹೇಗೆ ಒಳಗೆ ಬಂದೆ ಎಂಬ ನೆನಪೇ ಇರುವುದಿಲ್ಲ.

ಬೀಜವೂ ಹೀಗೆಯೇ ಎಂದರು ಬೋರ್. ಹೊಕ್ಕ ನ್ಯೂಟ್ರಾನ್ ಕೂಡಲೇ ಗುಂಪಿನಲ್ಲಿ ಕರಗಿಹೋಗುತ್ತದೆ. ಅಂದರೆ ನ್ಯೂಟ್ರಾನಿನ ಕಣ್ಣಿಗೆ ಬೀಜ ಒಂದು ಕಪ್ಪು ಗುಂಡು. ಬೆಳಕನ್ನು ಮಸಿ ನುಂಗುವಂತೆ ತಾಗಿದ್ದನ್ನೆಲ್ಲ ಅದು ನುಂಗುತ್ತದೆ. ಮೂರು ವರ್ಷಗಳಲ್ಲಿ ಯುರೇನಿಯಂ ಬೀಜ ಒಡೆಯುವುದು ಗೊತ್ತಾದಾಗ ಇದೇ ಚಿತ್ರ ಹೆಗಲು ಕೊಟ್ಟಿತು. ಬೀಜವನ್ನು ನೀರಿನ ಹನಿಯಂತೆ ಕಲ್ಪಿಸಿಕೊಂಡು ಬೋರ್ ಮತ್ತು ಜಾನ್ ವೀಲರ್ ವಿದಳನದ ಸಿದ್ಧಾಂತ ಬರೆದರು. ಇಷ್ಟು ಕೆಲಸಕ್ಕೆ ಬಂದ ಚಿತ್ರವನ್ನು ಯಾರು ತಾನೆ ಅನುಮಾನಿಸುತ್ತಾರೆ?

ಕಣಜದಷ್ಟು ದೊಡ್ಡದು

ಇಲ್ಲಿ ಒಂದು ಅಳತೆಗೋಲಿನ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ನ್ಯೂಟ್ರಾನ್ ಬೀಜಕ್ಕೆ ತಾಗುವ ಸಂಭವ ಎಷ್ಟು ಎಂಬುದನ್ನು ವಿಜ್ಞಾನಿಗಳು ಒಂದು ವಿಸ್ತೀರ್ಣವಾಗಿ ಹೇಳುತ್ತಾರೆ. ಬೀಜವನ್ನು ಒಂದು ಗುರಿಹಲಗೆ ಎಂದುಕೊಂಡರೆ ಅದರ ಅಗಲ ಎಷ್ಟು ಎಂದಂತೆ. ಕನ್ನಡದ ಪಠ್ಯಗಳಲ್ಲಿ ಇದನ್ನು ಅಡ್ಡಕೊಯ್ತ ಎನ್ನುವುದುಂಟು. ಒಂದು ಚದರ ಸೆಂಟಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಹತ್ತು ಲಕ್ಷ ಮಾಡಿ, ಹೀಗೆ ನಾಲ್ಕು ಸಲ ಮಾಡಿದರೆ ಸಿಗುವ ಚೂರು ಇದರ ಮಾನ. ಅದಕ್ಕೊಂದು ಹೆಸರು ಬೇಕಿತ್ತು.

1942ರ ಡಿಸೆಂಬರಿನ ಒಂದು ರಾತ್ರಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಊಟಕ್ಕೆ ಕುಳಿತ ಮಾರ್ಷಲ್ ಹಾಲೊವೆ ಮತ್ತು ಚಾರ್ಲ್ಸ್ ಬೇಕರ್ ಎಂಬಿಬ್ಬರು ಈ ಚರ್ಚೆಗೆ ತೊಡಗಿದರು. ದೊಡ್ಡವರ ಹೆಸರಿಡುವುದು ವಾಡಿಕೆ. ‘ಓಪನ್‌ಹೈಮರ್’ ಎಂದರೆ ಉದ್ದವಾಯಿತು. ‘ಬೆಥೆ’ ಎಂದರೆ ಗ್ರೀಕ್ ಅಕ್ಷರ ಬೀಟಾ ಜೊತೆ ಗೊಂದಲ. ತಮ್ಮ ಕೆಲಸದ ಉಸ್ತುವಾರಿ ಹೊತ್ತಿದ್ದ ಜಾನ್ ಮ್ಯಾನ್ಲಿ ಹೆಸರಿನಲ್ಲಿ ‘ಜಾನ್’ ಎನ್ನೋಣವೆಂದರೆ, ಅಮೆರಿಕದ ಆಡುಮಾತಿನಲ್ಲಿ ಆ ಪದಕ್ಕೆ ಪಾಯಿಖಾನೆ ಎಂಬ ಅರ್ಥವೂ ಉಂಟು! ಕೊನೆಗೆ ಹಳ್ಳಿಯ ಕಡೆಯ ಒಂದು ಪದ ಹೊಳೆಯಿತು: ‘ಬಾರ್ನ್’. ಅಲ್ಲಿನ ರೈತರು ಕಾಳು, ಹುಲ್ಲು, ದನಗಳನ್ನೆಲ್ಲ ಒಂದೇ ಸೂರಿನಡಿ ಇಡುವ ದೊಡ್ಡ ಕಣಜ ಅದು. ಬೀಜಗಳ ಲೋಕದಲ್ಲಿ ಇಷ್ಟು ವಿಸ್ತೀರ್ಣವೆಂದರೆ ಕಣಜದಷ್ಟೇ ದೊಡ್ಡದು ಎಂಬುದು ಅವರ ತಮಾಷೆ. ಗುಟ್ಟಿನ ಯೋಜನೆಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಕೇಳಿಸಿಕೊಂಡವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಅಂದಿನ ಊಟದ ಮೇಜಿನ ತಮಾಷೆ ಇಂದಿಗೂ ಜಗತ್ತಿನ ಎಲ್ಲ ಪರಮಾಣು ಪ್ರಯೋಗಾಲಯಗಳ ಅಧಿಕೃತ ಭಾಷೆ.

ಗುಟ್ಟಿನ ಯೋಜನೆ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. 1943ರ ವಸಂತದಲ್ಲಿ ನ್ಯೂ ಮೆಕ್ಸಿಕೊದ ಲಾಸ್ ಅಲಾಮೋಸ್ ಬೆಟ್ಟದ ಮೇಲೆ ಅಣುಬಾಂಬಿನ ಪ್ರಯೋಗಾಲಯ ತಲೆಯೆತ್ತಿತು. ಬಾಂಬಿನ ತಿರುಳು ಯುರೇನಿಯಂ ಅಥವಾ ಪ್ಲುಟೋನಿಯಂ. ಬಾಂಬಿಗೆ ಬೇಕಾದ ರೂಪದಲ್ಲಿ ಎರಡೂ ಆಗ ಬಲು ದುರ್ಲಭ. ತಿರುಳಿನಿಂದ ನ್ಯೂಟ್ರಾನುಗಳು ಹೊರಕ್ಕೆ ಸೋರಿಹೋದರೆ ಸರಪಳಿ ತುಂಡಾಗುತ್ತದೆ. ಆದ್ದರಿಂದ ಸುತ್ತ ಒಂದು ಭಾರಲೋಹದ ಕವಚ ಹಾಕಬೇಕು. ಓಡಿಹೋಗುವ ನ್ಯೂಟ್ರಾನುಗಳು ಕವಚದ ಬೀಜಗಳಿಗೆ ತಾಗಿ ಮತ್ತೆ ಒಳಕ್ಕೆ ಪುಟಿಯಬೇಕು. ಭಾರಲೋಹವೇ ಏಕೆ? ನಮ್ಮ ಕೈಗಾ ಸ್ಥಾವರದಲ್ಲಿ ಭಾರಜಲವನ್ನು ಬಳಸುವುದು ನ್ಯೂಟ್ರಾನುಗಳ ವೇಗ ಇಳಿಸಲು. ಅಲ್ಲಿನ ಹಗುರ ಬೀಜಗಳು ತಾಗಿದ ನ್ಯೂಟ್ರಾನಿನಿಂದ ಬಹುಪಾಲು ಶಕ್ತಿ ಕಿತ್ತುಕೊಳ್ಳಬಲ್ಲವು. ಸೀಸದ ಬೀಜವಾದರೋ ನ್ಯೂಟ್ರಾನಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಭಾರ. ರಬ್ಬರ್ ಚೆಂಡು ಬಂಡೆಗೆ ತಾಗಿ ಪುಟಿದಂತೆ ನ್ಯೂಟ್ರಾನ್ ಪುಟಿದರೆ ಅದು ಕಳೆದುಕೊಳ್ಳುವ ಶಕ್ತಿ ಹೆಚ್ಚೆಂದರೆ ನೂರಕ್ಕೆ ಎರಡು ಪಾಲು. ಆದರೆ ಇನ್ನೊಂದು ಬಗೆಯ ಢಿಕ್ಕಿಯೂ ಇದೆ. ಕೆಲವೊಮ್ಮೆ ಬೀಜವೇ ಗಂಟೆಯಂತೆ ಕಂಪಿಸಿ ನ್ಯೂಟ್ರಾನಿನ ಶಕ್ತಿಯನ್ನು ಹೀರುತ್ತದೆ. ಯಾವ ಲೋಹದಲ್ಲಿ ಯಾವುದು ಎಷ್ಟು? ಊಹೆಯಿಂದ ಬಾಂಬು ಕಟ್ಟಲಾಗದು, ಅಳೆಯಲೇಬೇಕಿತ್ತು.

ಅಳೆಯುವ ತಂಡದ ಮುಂದಾಳು ಅದೇ ಜಾನ್ ಮ್ಯಾನ್ಲಿ. ತಂಡದಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ, ಇನ್ನೂ ಮೂವತ್ತು ತುಂಬದ ಒಬ್ಬ ಯುವಕನಿದ್ದ. ಹೆಸರು ಹೈಂಜ್ ಬಾರ್ಷಲ್. 1937ರಲ್ಲಿ ಹಿಟ್ಲರನ ಜರ್ಮನಿ ಬಿಟ್ಟು ಬಂದು, ಪ್ರಿನ್ಸ್‌ಟನ್ನಿನಲ್ಲಿ 1940ರಲ್ಲಿ ಡಾಕ್ಟರೇಟ್ ಪಡೆದವರು. ವಿದಳನದ ಸುದ್ದಿ ಅಮೆರಿಕಕ್ಕೆ ತಲುಪಿದ 1939ರಲ್ಲೇ ವೇಗದ ನ್ಯೂಟ್ರಾನುಗಳಿಂದ ಯುರೇನಿಯಂ, ಥೋರಿಯಂ ಒಡೆಯುವುದನ್ನು ಅಳೆದವರಲ್ಲಿ ಅವರೂ ಒಬ್ಬರು. ಲಾಸ್ ಅಲಾಮೋಸ್‌ನಲ್ಲಿ ನ್ಯೂಟ್ರಾನ್ ಉತ್ಪಾದಿಸಲು ಬಳಸಿದ ಯಂತ್ರಗಳ ಪೈಕಿ ಎರಡು, ವಾನ್ ಡಿ ಗ್ರಾಫ್ ಎಂಬ ಬಗೆಯವು, ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ತಂದವು. ಅಂತೂ ಲೆಕ್ಕ ಮುಗಿಯಿತು. ಹಿರೋಷಿಮಾ ಬಾಂಬಿನ ಕವಚ ಟಂಗ್‌ಸ್ಟನ್ ಕಾರ್ಬೈಡಿನದು, ನಾಗಸಾಕಿಯದು ಸಾಮಾನ್ಯ ಯುರೇನಿಯಂನದು. 1945ರ ಆಗಸ್ಟಿನಲ್ಲಿ ಆ ಎರಡು ಊರುಗಳಿಗೆ ಏನಾಯಿತೆಂಬುದನ್ನು ಜಗತ್ತು ಕಂಡಿದೆ. ಅಲ್ಲಿ ಸತ್ತವರ ಲೆಕ್ಕದ ಮುಂದೆ ನ್ಯೂಟ್ರಾನುಗಳ ಲೆಕ್ಕವನ್ನು ವಿಜ್ಞಾನದ ಗೆಲುವೆಂದು ಬರೆಯಲು ಕೈ ಬರುವುದಿಲ್ಲ.

ಮ್ಯಾಡಿಸನ್‌ನ ಎಣಿಕೆ

ಯುದ್ಧ ಮುಗಿದ ಮೇಲೆ 1946ರಲ್ಲಿ ಬಾರ್ಷಲ್ ಹೋಗಿ ನೆಲೆಸಿದ್ದು ಆ ಯಂತ್ರಗಳ ತವರಾದ ಮ್ಯಾಡಿಸನ್‌ನಲ್ಲಿಯೇ. ಅಳೆಯುವ ವಿದ್ಯೆ ಕೈಯಲ್ಲಿತ್ತು. ಈಗ ಯಾವ ಸೇನಾಧಿಕಾರಿಯ ಗಡುವೂ ಇಲ್ಲ. ಯಾವ ಲೋಹ ಬಾಂಬಿಗೆ ಬೇಕು ಎಂಬ ಪ್ರಶ್ನೆ ಹೋಗಿ, ಬೀಜ ಎಂಬುದು ನಿಜಕ್ಕೂ ಹೇಗಿದೆ ಎಂಬ ಪ್ರಶ್ನೆ ಉಳಿಯಿತು. ಸಿಕ್ಕ ಉತ್ತರಗಳನ್ನು ಬಚ್ಚಿಡಬೇಕಾಗಿರಲಿಲ್ಲ. ಪತ್ರಿಕೆಗಳಲ್ಲಿ ಎಲ್ಲರೂ ಓದುವಂತೆ ಅಚ್ಚಾದವು.

ಪ್ರಯೋಗದ ಕ್ರಮ ಹೇಳಲು ಸುಲಭ. ವಾನ್ ಡಿ ಗ್ರಾಫ್ ಯಂತ್ರದಲ್ಲಿ ಪ್ರೋಟಾನುಗಳಿಗೆ ವೇಗ ಕೊಟ್ಟು ಲಿಥಿಯಂ ಲೋಹದ ತೆಳು ಪದರಕ್ಕೆ ಬಡಿಯಬೇಕು. ಅಲ್ಲಿಂದ ನ್ಯೂಟ್ರಾನುಗಳು ಹೊರಡುತ್ತವೆ. ಯಂತ್ರದ ವೋಲ್ಟೇಜು ಎಷ್ಟಿಟ್ಟರೆ ನ್ಯೂಟ್ರಾನಿನ ಶಕ್ತಿ ಅಷ್ಟು. ಬೇಕೆಂದಷ್ಟು ಏರಿಸಬಹುದು, ಇಳಿಸಬಹುದು. ಎದುರಿಗೆ ಸ್ವಲ್ಪ ದೂರದಲ್ಲಿ ಎಣಿಕೆಯ ಉಪಕರಣ. ಮೊದಲು ನಡುವೆ ಏನೂ ಇಡದೆ ಎಣಿಸಿ. ಆಮೇಲೆ ನಡುವೆ ಲೋಹದ ತುಂಡನ್ನು ಇಟ್ಟು ಎಣಿಸಿ. ಎರಡರ ಅನುಪಾತವೇ ಉತ್ತರ. ತುಂಡಿನಲ್ಲಿ ಎಷ್ಟು ಬೀಜಗಳಿವೆ ಎಂಬುದು ತೂಕದಿಂದ ಗೊತ್ತು. ಹಾಗಾಗಿ ಒಂದೊಂದು ಬೀಜದ ಅಡ್ಡಕೊಯ್ತ ಎಷ್ಟು ಬಾರ್ನ್ ಎಂಬುದು ಕಾಗದ ಪೆನ್ಸಿಲಿನ ಲೆಕ್ಕ.

ಮಾಡಲು ಮಾತ್ರ ತಾಳ್ಮೆ ಬೇಕು. ನ್ಯೂಟ್ರಾನುಗಳು ಸೀಸಕ್ಕೆ ಮಾತ್ರ ತಾಗುತ್ತವೆಯೇ? ಗೋಡೆಗೆ, ನೆಲಕ್ಕೆ, ಮೇಜಿಗೆ, ಗಾಳಿಗೆ ಕೂಡ ತಾಗಿ ಚದುರಿ ಎಣಿಕೆಯೊಳಗೆ ನುಸುಳುತ್ತವೆ. ಮದುವೆ ಮನೆಯಲ್ಲಿ ಕರೆಯದೆ ಬಂದವರನ್ನು ಲೆಕ್ಕದಿಂದ ಕಳೆದಂತೆ ಇವನ್ನು ಕಳೆಯಬೇಕು. ಅದಕ್ಕಾಗಿ ನೇರ ದಾರಿಯನ್ನು ಉದ್ದನೆಯ ಅಡ್ಡಿಯೊಂದರಿಂದ ಪೂರ್ತಿ ಮುಚ್ಚಿ, ಆಗಲೂ ಎಣಿಕೆಗೆ ಬರುವವು ಎಷ್ಟೆಂದು ನೋಡುವುದು. ಒಂದು ಶಕ್ತಿಯಲ್ಲಿ ಈ ಸುತ್ತು ಮುಗಿದರೆ ವೋಲ್ಟೇಜನ್ನು ಒಂದಿಷ್ಟು ಏರಿಸಿ ಮತ್ತೆ ಮೊದಲಿನಿಂದ. ಒಂದು ಲೋಹ ಮುಗಿದರೆ ಇನ್ನೊಂದು. ಹೀಗೆ ವರ್ಷಗಳು. ವಿದ್ಯಾರ್ಥಿಗಳು ಬಂದರು, ಹೋದರು. ಅವರಲ್ಲೊಬ್ಬರು ರಾಬರ್ಟ್ ಅಡೇರ್. ಬೇಸ್‌ಬಾಲ್ ಆಟದ ಭೌತವಿಜ್ಞಾನದ ಬಗ್ಗೆ ಮುಂದೆ ಪುಸ್ತಕ ಬರೆದು ಜನಪ್ರಿಯರಾದವರು. ಚೆಂಡು ಬ್ಯಾಟಿಗೆ ತಾಗುವುದರ ಲೆಕ್ಕಕ್ಕೆ ಮೊದಲ ಪಾಠ ನ್ಯೂಟ್ರಾನುಗಳಿಂದ ಸಿಕ್ಕಿದ್ದಿರಬಹುದೇ?

ಲೆಕ್ಕಗಳೆಲ್ಲ ಒಟ್ಟಾದಾಗ ಕಂಡದ್ದು ಯಾರೂ ನಿರೀಕ್ಷಿಸಿರದ ಸಂಗತಿ. ಬೀಜ ಬೋರ್ ಹೇಳಿದ ಕಪ್ಪು ಗುಂಡಾಗಿದ್ದರೆ, ನ್ಯೂಟ್ರಾನಿನ ಶಕ್ತಿ ಏರಿದಂತೆ ಅಡ್ಡಕೊಯ್ತ ಜಾರುಬಂಡೆಯಂತೆ ನುಣುಪಾಗಿ ಇಳಿಯುತ್ತಾ ಹೋಗಬೇಕು. ಅಮೆರಿಕದ ಹರ್ಮನ್ ಫೆಶ್‌ಬಾಕ್ ಮತ್ತು ವಿಯೆನ್ನಾದಲ್ಲಿ ಹುಟ್ಟಿದ ವಿಕ್ಟರ್ ವೈಸ್‌ಕಾಫ್ 1949ರಲ್ಲಿ ಹಾಗೆಯೇ ಲೆಕ್ಕ ಹಾಕಿ ಇಟ್ಟಿದ್ದರು. ಮ್ಯಾಡಿಸನ್‌ನ ಗೆರೆಗಳಾದರೋ ಇಳಿದವು, ಮತ್ತೆ ಏರಿದವು, ಮತ್ತೆ ಇಳಿದವು. ಅಗಲವಾದ ಉಬ್ಬುಗಳು. ಒಂದು ಲೋಹದಲ್ಲಿ ಕಂಡ ಉಬ್ಬು ಅದರ ಪಕ್ಕದ ಭಾರದ ಲೋಹದಲ್ಲಿ ಸ್ವಲ್ಪ ಸರಿದು ಕಾಣುತ್ತಿತ್ತು. ಅದರ ಪಕ್ಕದ್ದರಲ್ಲಿ ಇನ್ನೂ ಸ್ವಲ್ಪ ಸರಿದು. 1952ರಲ್ಲಿ ಮಿಲ್ಲರ್, ಅಡೇರ್, ಬಾಕಲ್‌ಮನ್ ಮತ್ತು ಡಾರ್ಡೆನ್ ಭಾರಬೀಜಗಳ ಅಳತೆಗಳನ್ನು ಪ್ರಕಟಿಸಿದರು. ಅದೇ ವರ್ಷ ಬಾರ್ಷಲ್ ಎಲ್ಲ ಮೂಲವಸ್ತುಗಳ ಗೆರೆಗಳನ್ನೂ ಭಾರದ ಕ್ರಮದಲ್ಲಿ ಒಂದರ ಹಿಂದೊಂದು ನಿಲ್ಲಿಸಿ ಚಿತ್ರ ಬರೆದರು. ಬಿಡಿಬಿಡಿಯಾಗಿದ್ದ ಉಬ್ಬುಗಳು ಸೇರಿ, ಚಿತ್ರದ ಈ ಕೊನೆಯಿಂದ ಆ ಕೊನೆಗೆ ಮಲೆನಾಡಿನ ಗುಡ್ಡದ ಸಾಲಿನಂತೆ ಹಬ್ಬಿದ್ದವು.

ಇದರ ಸುಳಿವನ್ನು 1950ರಲ್ಲೇ ಹಿಡಿದವರು ಇಬ್ಬರಿದ್ದರು, ಪ್ರಿನ್ಸ್‌ಟನ್ನಿನ ಕೆನೆತ್ ಫೋರ್ಡ್ ಮತ್ತು ಡೇವಿಡ್ ಬಾಮ್. ಹೌದು, ಜೆ. ಕೃಷ್ಣಮೂರ್ತಿಯವರ ಜೊತೆಗಿನ ಸಂವಾದಗಳಿಂದ ನಮ್ಮ ಓದುಗರಿಗೂ ಪರಿಚಿತರಾದ ಅದೇ ಬಾಮ್. ಬೀಜ ಪಾರದರ್ಶಕವಾಗಿರಬೇಕು, ಉಬ್ಬುಗಳಿಗೆ ಅದರ ಗಾತ್ರವೇ ಕಾರಣ ಎಂದು ಅವರು ವಾದಿಸಿದರು. ಆದರೆ ಅದೇ ವರ್ಷ ಬಾಮ್ ಅವರನ್ನು ಕಮ್ಯುನಿಸ್ಟರ ಬೇಟೆಯ ಗದ್ದಲ ಸುತ್ತಿಕೊಂಡಿತು. 1951ರಲ್ಲಿ ಅವರು ಕೆಲಸ ಕಳೆದುಕೊಂಡು ಬ್ರೆಜಿಲ್‌ಗೆ ಹೋಗಬೇಕಾಯಿತು.

ಪತ್ರಿಕೆಯ ಚಿತ್ರದ ಹಾಗೆ

ಉಬ್ಬು ಏಕೆ ಬರುತ್ತದೆ? ಮಳೆಗಾಲದಲ್ಲಿ ಒದ್ದೆ ರಸ್ತೆಯ ಮೇಲೆ ಎಣ್ಣೆ ಚೆಲ್ಲಿದಾಗ ಕಾಮನಬಿಲ್ಲಿನ ಬಣ್ಣಗಳು ಕಾಣುವುದನ್ನು ನೋಡಿದ್ದೇವೆ. ಎಣ್ಣೆಯ ಪದರದ ಮೇಲಿನಿಂದ ಮರಳಿದ ಬೆಳಕಿನ ಅಲೆಯೂ ತಳದಿಂದ ಮರಳಿದ ಅಲೆಯೂ ಕೂಡುವಾಗ ಕೆಲವು ಬಣ್ಣಗಳು ಹೆಚ್ಚುತ್ತವೆ, ಕೆಲವು ಅಳಿಯುತ್ತವೆ. ನ್ಯೂಟ್ರಾನ್ ಕೂಡ ಅಲೆಯಂತೆ ವರ್ತಿಸುತ್ತದೆ. ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಅದರ ಅಲೆಯ ಉದ್ದ ಸೀಸದ ಬೀಜದ ಅಗಲದ ಎರಡು ಪಟ್ಟಿನಷ್ಟು. ಸೀಸದ ಬೀಜದ ಮುಖದ ವಿಸ್ತೀರ್ಣ ಎರಡು ಬಾರ್ನಿಗೂ ಕಡಿಮೆ ಇದ್ದು, ಅಳೆದಾಗ ಐದು ಬಾರ್ನಿಗೂ ಹೆಚ್ಚು ಸಿಗುವುದಕ್ಕೆ ಈ ಅಲೆಯ ಗುಣವೇ ಕಾರಣ. ಬೀಜವನ್ನು ಹಾದು ಬಂದ ಅಲೆ ಮತ್ತು ಪಕ್ಕದಿಂದ ಸಾಗಿದ ಅಲೆ ಮುಂದೆ ಕೂಡುತ್ತವೆ. ಅವುಗಳ ಹೊಂದಿಕೆ ಶಕ್ತಿಯೊಡನೆ ಬದಲಾಗುತ್ತದೆ. ಉಬ್ಬು ಅದರಿಂದ.

ಆದರೆ ಇದು ನಿಜವಾಗಬೇಕಾದರೆ ಅಲೆ ಬೀಜವನ್ನು ಹಾದು ಹೊರಬರಬೇಕಲ್ಲ? ಮಸಿಯ ಗುಂಡಿನಿಂದ ಏನು ತಾನೆ ಹೊರಬರುತ್ತದೆ? ಇಲ್ಲೇ ಬೋರ್ ಚಿತ್ರಕ್ಕೆ ಪೆಟ್ಟು ಬಿತ್ತು. ಬೀಜ ಕಪ್ಪಲ್ಲ, ಸ್ವಲ್ಪ ಮಂಜು ಕವಿದ ಸ್ಫಟಿಕದ ಗುಂಡು. ಹೀಗೆಂದು 1954ರಲ್ಲಿ ಪೂರ್ಣ ಲೆಕ್ಕದೊಡನೆ ಬರೆದವರು ಫೆಶ್‌ಬಾಕ್, ಚಾರ್ಲ್ಸ್ ಪೋರ್ಟರ್ ಮತ್ತು ವೈಸ್‌ಕಾಫ್. ಐದು ವರ್ಷ ಹಿಂದೆ ಕಪ್ಪು ಗುಂಡಿನ ಲೆಕ್ಕ ಹಾಕಿದವರೇ ಇಬ್ಬರು! ಅಂಕಿಗಳನ್ನು ನೋಡಿ ತಮ್ಮದೇ ಸಿದ್ಧಾಂತವನ್ನು ತಿದ್ದಿದ ಈ ನಡೆ ನನಗಂತೂ ಇಡೀ ಕತೆಯಲ್ಲಿ ಹೆಚ್ಚು ಇಷ್ಟವಾದದ್ದು. ಅವರ ಲೆಕ್ಕದಲ್ಲಿ ನ್ಯೂಟ್ರಾನನ್ನು ಎಳೆದುಕೊಳ್ಳುವ ಬಲ ನೂರು ಪಾಲಾದರೆ ನುಂಗುವ ಮಂಜು ಮೂರೇ ಪಾಲು. ಅಷ್ಟನ್ನು ಇಟ್ಟುಕೊಂಡರೆ ಮ್ಯಾಡಿಸನ್‌ನ ಗುಡ್ಡದ ಸಾಲು ಕಾಗದದ ಮೇಲೆ ಹೆಚ್ಚುಕಡಿಮೆ ಹಾಗೆಯೇ ಮೂಡುತ್ತಿತ್ತು.

ಇಷ್ಟು ಒತ್ತಾಗಿ ತುಂಬಿದ ಬೀಜದೊಳಗೆ ನ್ಯೂಟ್ರಾನ್ ಢಿಕ್ಕಿಯಿಲ್ಲದೆ ಹೇಗೆ ಸಾಗುತ್ತದೆ? ಉತ್ತರ ಪೌಲಿ ನಿಯಮದಲ್ಲಿದೆ. ಬೀಜದೊಳಗಿನ ಕಣಗಳಿಗೆ ಸಿನಿಮಾ ಮಂದಿರದಂತೆ ನಂಬರು ಹಾಕಿದ ಸೀಟುಗಳಿವೆ, ಒಂದರಲ್ಲಿ ಇಬ್ಬರು ಕೂರುವಂತಿಲ್ಲ. ಕೆಳಗಿನ ಸೀಟುಗಳೆಲ್ಲ ಭರ್ತಿ. ಢಿಕ್ಕಿಯಾದರೆ ಇಬ್ಬರೂ ಹೊಸ ಸೀಟು ಹುಡುಕಬೇಕು. ಸಿಗದಿದ್ದರೆ ಢಿಕ್ಕಿಯೇ ನಡೆಯುವುದಿಲ್ಲ. ಬೀಜದ ಕಣಗಳು ಒಬ್ಬೊಬ್ಬರಾಗಿ ತಂತಮ್ಮ ಕಕ್ಷೆಯಲ್ಲಿ ಸುತ್ತುತ್ತವೆ ಎಂದು 1949ರಲ್ಲಿ ಮರಿಯಾ ಗೋಪರ್ಟ್ ಮಾಯರ್ ಮತ್ತು ಜರ್ಮನಿಯ ಹನ್ಸ್ ಯೆನ್ಸನ್ ಹೇಳಿದಾಗ, ಬೋರ್ ಗೋಲಿಗಳ ಜೊತೆ ಅದು ಹೇಗೆ ಹೊಂದುತ್ತದೆ ಎಂದು ಹಲವರು ತಲೆ ಕೆರೆದುಕೊಂಡಿದ್ದರು. ಮ್ಯಾಡಿಸನ್‌ನ ಅಂಕಿಗಳು ಹೊರಗಿನಿಂದ ಬಂದ ನ್ಯೂಟ್ರಾನೂ ಹಾಗೆ ಒಂಟಿಯಾಗಿ ಸಾಗಬಲ್ಲದೆಂದು ತೋರಿಸಿದವು.

ಹಾಗಾದರೆ ಬೋರ್ ಹೇಳಿದ್ದು ಸುಳ್ಳೇ? ಅಲ್ಲ. ಈ ಪತ್ರಿಕೆಯಲ್ಲಿ ಅಚ್ಚಾದ ಯಾವುದಾದರೂ ಭಾವಚಿತ್ರವನ್ನು ಭೂತಗನ್ನಡಿಯಿಂದ ನೋಡಿ. ಕಾಣುವುದು ಬರಿಯ ಚುಕ್ಕೆಗಳು. ಕೈ ಉದ್ದಕ್ಕೆ ಹಿಡಿದು ನೋಡಿ, ಮುಖ ಕಾಣುತ್ತದೆ. ಭಾರಬೀಜಗಳಲ್ಲಿ ಬೋರ್ ವಿವರಿಸಿದ ಚೂಪಾದ ಶಿಖರಗಳು ಸಾವಿರಗಟ್ಟಲೆ ಒತ್ತಾಗಿ ನಿಂತಿವೆ. ಅವು ಚುಕ್ಕೆಗಳು. ಬಾರ್ಷಲ್ ತಂಡದ ಉಪಕರಣಗಳಿಗೆ ಆ ಚುಕ್ಕೆಗಳನ್ನು ಬಿಡಿಬಿಡಿಯಾಗಿ ಕಾಣುವಷ್ಟು ಸೂಕ್ಷ್ಮವಿರಲಿಲ್ಲ. ಅವು ಸರಾಸರಿಯನ್ನಷ್ಟೇ ಕಂಡವು. ಕಣ್ಣು ಕಿರಿದು ಮಾಡಿ ನೋಡಿದ್ದರಿಂದಲೇ ಮುಖ ಕಂಡಿತು! ಹೊಕ್ಕ ಅಲೆ ಮೊದಲು ಸ್ಫಟಿಕದಲ್ಲಿ ಸಾಗುವಂತೆ ಸಾಗುತ್ತದೆ, ಅದರಲ್ಲಿ ಒಂದು ಪಾಲು ಮಾತ್ರ ಮಂಜಿನಲ್ಲಿ ಸಿಕ್ಕಿ ಗೋಲಿಗಳ ಗುಂಪಿಗೆ ಸೇರುತ್ತದೆ. ಎರಡು ಚಿತ್ರಗಳೂ ಒಂದೇ ಬೀಜದವು.

ಬೆಳಗಿನ ಜಾವ 3.42

ಬಾರ್ಷಲ್‌ಗೆ 1965ರಲ್ಲಿ ಪರಮಾಣು ಬೀಜವಿಜ್ಞಾನದ ಬಾನರ್ ಪ್ರಶಸ್ತಿ ಬಂತು. ಕೆಲಸ ನಡೆದೇ ಇತ್ತು. ಅವರ ಪ್ರಯೋಗಾಲಯವಿದ್ದದ್ದು ಮ್ಯಾಡಿಸನ್‌ನ ಸ್ಟರ್ಲಿಂಗ್ ಹಾಲ್ ಎಂಬ ಕಟ್ಟಡದಲ್ಲಿ. ಅದೇ ಕಟ್ಟಡದ ಮೇಲಿನ ಅಂತಸ್ತುಗಳಲ್ಲಿ ಅಮೆರಿಕದ ಭೂಸೇನೆಯ ಹಣದಿಂದ ನಡೆಯುತ್ತಿದ್ದ ಗಣಿತ ಸಂಶೋಧನಾ ಕೇಂದ್ರವಿತ್ತು. ವಿಯೆಟ್ನಾಂ ಯುದ್ಧದ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದ ಕಾಲ. ಆ ಕೇಂದ್ರದ ಮೇಲೆ ಅವರ ಕಣ್ಣು ಬಿದ್ದಿತ್ತು.

1970ರ ಆಗಸ್ಟ್ 24. ಬೆಳಗಿನ ಜಾವ 3 ಗಂಟೆ 42 ನಿಮಿಷಕ್ಕೆ, ನಾಲ್ವರು ಯುವಕರು ಕದ್ದ ವ್ಯಾನೊಂದರಲ್ಲಿ ತಂದು ಕಟ್ಟಡದ ಪಕ್ಕ ನಿಲ್ಲಿಸಿದ್ದ ಸುಮಾರು 900 ಕಿಲೋ ಸ್ಫೋಟಕ ಸಿಡಿಯಿತು. ನಮ್ಮ ರೈತರು ಬಲ್ಲ ಅಮೋನಿಯಂ ನೈಟ್ರೇಟ್ ಗೊಬ್ಬರಕ್ಕೆ ಇಂಧನ ತೈಲ ಬೆರೆಸಿ ಮಾಡಿದ ಮದ್ದು. ಗಣಿತ ಕೇಂದ್ರಕ್ಕೆ ಹೇಳಿಕೊಳ್ಳುವಂಥ ಹಾನಿ ಆಗಲಿಲ್ಲ. ಪುಡಿಯಾದದ್ದು ಕೆಳಗಿದ್ದ ಭೌತವಿಜ್ಞಾನ ವಿಭಾಗ. ನೆಲಮಾಳಿಗೆಯಲ್ಲಿ ಆ ಹೊತ್ತಿನಲ್ಲೂ ಪ್ರಯೋಗ ನಡೆಸುತ್ತಿದ್ದ ರಾಬರ್ಟ್ ಫ್ಯಾಸ್‌ನಾಕ್ಟ್ ಎಂಬ 33 ವರ್ಷದ ಸಂಶೋಧಕ ಸತ್ತರು. ಮೂವರು ಪುಟ್ಟ ಮಕ್ಕಳ ತಂದೆ. ಅವರು ಅಭ್ಯಾಸ ಮಾಡುತ್ತಿದ್ದದ್ದು ಅತಿಶೀತದಲ್ಲಿ ಲೋಹಗಳ ವರ್ತನೆಯನ್ನು. ಸೇನೆಗೂ ಅವರಿಗೂ ಸಂಬಂಧವಿರಲಿಲ್ಲ. ಆ ನಾಲ್ವರಲ್ಲಿ ಮೂವರು ಮುಂದಿನ ವರ್ಷಗಳಲ್ಲಿ ಸಿಕ್ಕಿ ಜೈಲಿಗೆ ಹೋದರು, ನಾಲ್ಕನೆಯವನ ಸುಳಿವು ಸಿಗಲೇ ಇಲ್ಲ.

ಯುದ್ಧದ ಕಾಲದಲ್ಲಿ ಬಾಂಬಿಗಾಗಿ ಅಳೆಯುವಾಗ ಬಾರ್ಷಲ್‌ಗೆ ಏನೂ ಆಗಲಿಲ್ಲ. ಬಾಂಬಿಗೆ ಸಂಬಂಧವಿಲ್ಲದ ಅಳತೆಗೆ ತೊಡಗಿ ಇಪ್ಪತ್ತನಾಲ್ಕು ವರ್ಷಗಳಾದ ಮೇಲೆ ಬಾಂಬು ಅವರ ಬಾಗಿಲಿಗೇ ಬಂತು. ಯುದ್ಧ ಬೇಡವೆಂದು ಸಿಟ್ಟಾದವರ ಸಿಟ್ಟಿಗೆ ಕಾರಣವಿತ್ತೆಂದು ಒಪ್ಪಬಹುದು. ಕತ್ತಲಲ್ಲಿ ಗೊಬ್ಬರದ ವ್ಯಾನು ತಂದು ನಿಲ್ಲಿಸಿದ್ದಕ್ಕೆ ಯಾವ ಕಾರಣವೂ ಸಾಲದು.

ಪ್ರಯೋಗಾಲಯ ಹಾಳಾದಾಗ ಅವರಿಗೆ 55 ವರ್ಷ. ಆ ಮೇಲೆ ಅವರು ಹಳೆಯ ದಾರಿಗೆ ಮರಳಲಿಲ್ಲ. ನ್ಯೂಟ್ರಾನುಗಳಿಂದ ಕ್ಯಾನ್ಸರ್ ಚಿಕಿತ್ಸೆಯ ಸಾಧ್ಯತೆ ಹುಡುಕುವ ಕೆಲಸ ಹಿಡಿದರು. ಇಲ್ಲಿ ಸೀಸವಲ್ಲ, ಮನುಷ್ಯನ ಮೈಯಲ್ಲಿರುವ ಇಂಗಾಲ, ಆಮ್ಲಜನಕಗಳಿಗೆ ನ್ಯೂಟ್ರಾನ್ ತಾಗಿದರೆ ಎಷ್ಟು ಶಕ್ತಿ ಇಳಿಯುತ್ತದೆ ಎಂಬುದು ಪ್ರಶ್ನೆ. 1972ರಿಂದ 1987ರವರೆಗೆ ‘ಫಿಸಿಕಲ್ ರಿವ್ಯೂ ಸಿ’ ಪತ್ರಿಕೆಯ ಸಂಪಾದಕರಾಗಿಯೂ ದುಡಿದರು. ಅಳೆಯುವ ಚಟ ಅಲ್ಲಿಯೂ ಬಿಡಲಿಲ್ಲ. ಗ್ರಂಥಾಲಯಗಳು ವಿಜ್ಞಾನ ಪತ್ರಿಕೆಗಳಿಗೆ ತೆರುವ ಹಣವನ್ನು ಅಕ್ಷರಗಳ ಲೆಕ್ಕದಲ್ಲಿ ಭಾಗಿಸಿ, ಯಾವ ಪತ್ರಿಕೆ ದುಬಾರಿ, ಯಾವುದು ಅಗ್ಗ ಎಂದು ಪಟ್ಟಿ ಮಾಡಿ ಅಚ್ಚು ಹಾಕಿಸಿದರು. ದುಬಾರಿ ಪಟ್ಟಿಯಲ್ಲಿ ಮೇಲೆ ಕಂಡ ಪ್ರಕಾಶನ ಸಂಸ್ಥೆಯೊಂದು ಪಟ್ಟಿ ಪ್ರಕಟಿಸಿದ ಭೌತವಿಜ್ಞಾನ ಸಂಘಗಳನ್ನು ಹಲವು ದೇಶಗಳ ಕೋರ್ಟಿಗೆಳೆಯಿತು. ನ್ಯೂಯಾರ್ಕಿನ ನ್ಯಾಯಾಧೀಶರು 1997ರಲ್ಲಿ ಪಟ್ಟಿಯ ಪರವಾಗಿ ತೀರ್ಪಿತ್ತರು. ಅದೇ ವರ್ಷದ ಫೆಬ್ರವರಿಯಲ್ಲಿ, ತೀರ್ಪಿಗೆ ಮೊದಲೇ, ಬಾರ್ಷಲ್ ತೀರಿಕೊಂಡಿದ್ದರು.

ಅವರ ಹಳೆಯ ಅಂಕಿಗಳು? ಸ್ಫೋಟಕ್ಕೆ ಎಷ್ಟೋ ಮೊದಲು, 1955ರಲ್ಲೇ, ಬ್ರೂಕ್‌ಹೇವನ್ ಪ್ರಯೋಗಾಲಯ ಜಗತ್ತಿನ ನ್ಯೂಟ್ರಾನ್ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ ಒಂದು ದಪ್ಪ ಪುಸ್ತಕ ತಂದಿತ್ತು. ಎಲ್ಲರೂ ಅದನ್ನು ಕರೆದದ್ದು ‘ಬಾರ್ನ್ ಪುಸ್ತಕ’ ಎಂದೇ. ಈಗ ಆ ಕೆಲಸ ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಜೊತೆಗೂಡಿ ಹಲವು ದೇಶಗಳು ನಡೆಸುವ ‘ಎಕ್ಸ್‌ಫಾರ್’ ಎಂಬ ಕಂಪ್ಯೂಟರ್ ಸಂಗ್ರಹದಲ್ಲಿ ನಡೆಯುತ್ತದೆ. ಬೀಜವೊಂದಕ್ಕೆ ನ್ಯೂಟ್ರಾನ್ ತಾಗಿದರೆ ಏನಾಗುತ್ತದೆಂದು ತಿಳಿಯಬೇಕು, ಆದರೆ ಯಾರೂ ಅಳೆದಿಲ್ಲ ಎಂದಾದರೆ, ಇಂದಿಗೂ ಮೊದಲು ಮೊರೆಹೋಗುವುದು ಮಂಜಿನ ಗುಂಡಿನ ಸುಧಾರಿತ ರೂಪಕ್ಕೆ. ರಷ್ಯಾದ ಸೆವೆರ್ಸ್ಕ್‌ನಲ್ಲಿ 2021ರಲ್ಲಿ ಒಂದು ಹೊಸ ಬಗೆಯ ರಿಯಾಕ್ಟರಿನ ನಿರ್ಮಾಣ ಆರಂಭವಾಯಿತು. ಅದರ ಶಾಖವನ್ನು ಹೊತ್ತೊಯ್ಯುವುದು ನೀರಲ್ಲ, ಕರಗಿದ ಸೀಸ. ಅಲ್ಲಿ ಇಂಧನ ಸರಳುಗಳ ನಡುವೆ ನ್ಯೂಟ್ರಾನುಗಳು ಸೀಸದ ಬೀಜಗಳಿಗೆ ತಾಗುತ್ತಾ, ಪುಟಿಯುತ್ತಾ ಸಾಗಬೇಕು. ಪ್ರತಿ ಢಿಕ್ಕಿಯಲ್ಲಿ ಎಷ್ಟು ಚದುರುತ್ತವೆ, ಎಷ್ಟು ಶಕ್ತಿ ಬಿಟ್ಟುಕೊಡುತ್ತವೆ ಎಂಬ ಲೆಕ್ಕವನ್ನು ಅಲ್ಲಿನ ಎಂಜಿನಿಯರುಗಳೂ ಬಾರ್ನುಗಳಲ್ಲೇ ಹಾಕುತ್ತಾರೆ.